ಆಕ್ಷೇಪಣೆ ಬಾರದ ಸಭೆ: ಚಳ್ಳಕೆರೆ ಸೀಮೆಯ ಒಂದು ಪ್ರಕರಣ

ನಡಾವಳಿ ಪುಸ್ತಕದಲ್ಲಿ ಆ ಗ್ರಾಮ ಸಭೆಯ ಬಗ್ಗೆ ಇರುವುದು ಕೆಲವೇ ಸಾಲು. ಉದ್ಯೋಗ ಖಾತ್ರಿ ಯೋಜನೆಯಡಿ ನಡೆದ ಕೆರೆ ಹೂಳೆತ್ತುವ ಕಾಮಗಾರಿಯ ಖರ್ಚುವೆಚ್ಚವನ್ನು ಸಭೆಗೆ ಓದಿ ಹೇಳಲಾಯಿತು, ಗ್ರಾಮಸ್ಥರಿಂದ ಯಾವುದೇ ಆಕ್ಷೇಪಣೆ ಬಾರದ ಕಾರಣ ಸರ್ವಾನುಮತದಿಂದ ಅಂಗೀಕರಿಸಲಾಯಿತು. ಅದರ ಕೆಳಗೆ ಸಹಿಗಳು, ಹೆಬ್ಬೆಟ್ಟಿನ ಗುರುತುಗಳು. ಹೆಬ್ಬೆಟ್ಟು ಒತ್ತಿದವರಲ್ಲಿ ಹಲವರು ಅದೇ ಕೆರೆಯಲ್ಲಿ ಮಣ್ಣು ಹೊತ್ತು, ಹೊತ್ತಷ್ಟು ದಿನದ ಕೂಲಿ ಸಿಗದ ಹೆಂಗಸರು. ಅದು ಅವರಿಗೆ ಗೊತ್ತಿತ್ತು, ಊರಿಗೂ ಗೊತ್ತಿತ್ತು. ಸಭೆಯಲ್ಲಿ ಮಾತ್ರ ಯಾರೂ ಬಾಯಿ ಬಿಡಲಿಲ್ಲ. ಕೆಲವು ವಾರಗಳ ನಂತರ ಅದೇ ಊರಿನಲ್ಲಿ, ಅದೇ ಕಾಮಗಾರಿಯ ಬಗ್ಗೆ, ಹೆಚ್ಚುಕಡಿಮೆ ಅದೇ ಜನ ಸೇರಿದ್ದ ಇನ್ನೊಂದು ಸಭೆಯಲ್ಲಿ ಮಾತು ಹೊರಬಂತು. ಈ ಎರಡು ಸಭೆಗಳ ನಡುವೆ ಏನು ಬದಲಾಯಿತು ಎಂಬುದೇ ಈ ಬರಹದ ವಿಷಯ.

ಊರು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನದು. ಕಾಲ 2024ರ ಬೇಸಿಗೆ ಮತ್ತು ಮಳೆಗಾಲ. ಊರಿನ ಹೆಸರನ್ನಾಗಲಿ ಜನರ ಹೆಸರನ್ನಾಗಲಿ ಬರೆಯುವುದಿಲ್ಲ. ಮಾತನಾಡಿದವರು ಅಲ್ಲೇ ಬದುಕುತ್ತಿದ್ದಾರೆ, ಅವರನ್ನು ಕೂಲಿಗೆ ಕರೆಯುವವರೂ ಅಲ್ಲೇ ಇದ್ದಾರೆ. ಯೋಜನೆಯ ಕೆಲಸ, ಲೆಕ್ಕಗಳನ್ನು ಊರಿನ ಜನರ ಎದುರೇ ತಾಳೆ ನೋಡುವ ಸಾಮಾಜಿಕ ಪರಿಶೋಧನೆಯ ತಂಡದ ಜೊತೆ ಟಿಪ್ಪಣಿ ಬರೆದುಕೊಳ್ಳಲು ಹೋಗಿದ್ದರಿಂದ ಇದನ್ನು ಹತ್ತಿರದಿಂದ ನೋಡಲು ನನಗೆ ಸಾಧ್ಯವಾಯಿತು.

ಕೆರೆಯ ಕೆಲಸ

ಚಳ್ಳಕೆರೆ ಶೇಂಗಾ ಬೆಳೆಯುವ ಸೀಮೆ. ಬೀಳುವ ಮಳೆ ಕಡಿಮೆ, ಅದನ್ನೂ ನೆಚ್ಚಿಕೊಳ್ಳುವಂತಿಲ್ಲ. ಬೇಸಿಗೆಯ ತಿಂಗಳುಗಳಲ್ಲಿ ಹೊಲದಲ್ಲಿ ಕೂಲಿ ಇರುವುದಿಲ್ಲ. ಗಟ್ಟಿಮುಟ್ಟಾದವರು ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಕಾಫಿ ತೋಟಗಳಿಗೋ ಗುಳೆ ಹೋಗುತ್ತಾರೆ. ಊರಿನಲ್ಲಿ ಉಳಿಯುವ ಹೆಂಗಸರಿಗೆ, ವಯಸ್ಸಾದವರಿಗೆ ಉದ್ಯೋಗ ಖಾತ್ರಿಯೇ ಆಧಾರ. 2005ರ ಕಾಯ್ದೆ 2006ರ ಫೆಬ್ರವರಿಯಲ್ಲಿ ದೇಶದ 200 ಜಿಲ್ಲೆಗಳಲ್ಲಿ ಮೊದಲು ಜಾರಿಗೆ ಬಂದಾಗ ಕರ್ನಾಟಕದಿಂದ ಆಯ್ಕೆಯಾದ ಐದು ಜಿಲ್ಲೆಗಳಲ್ಲಿ ಚಿತ್ರದುರ್ಗವೂ ಇತ್ತು, ಪಕ್ಕದ ದಾವಣಗೆರೆಯೂ ಇತ್ತು. ಆದ್ದರಿಂದ ಜಾಬ್ ಕಾರ್ಡ್ ಈ ಊರಿನವರಿಗೆ ಹೊಸದಲ್ಲ. ಕಾಯ್ದೆಯ 17ನೇ ಕಲಂ ಗ್ರಾಮ ಸಭೆಗೆ ಲೆಕ್ಕ ಕೇಳುವ ಅಧಿಕಾರ ಕೊಟ್ಟಿತ್ತು ಎಂಬುದೂ ಹಲವರ ಕಿವಿಗೆ ಬಿದ್ದಿತ್ತು. 2024–25ರಲ್ಲಿ ರಾಜ್ಯದಲ್ಲಿ ದಿನದ ಕೂಲಿ 349 ರೂಪಾಯಿ.

ಆಗ ಹಾಜರಾತಿ ನಡೆಯುತ್ತಿದ್ದ ಬಗೆಯನ್ನು ಇಲ್ಲಿ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಕೆಲಸಗಾರರ ಹೆಸರು ಎನ್‌ಎಂಆರ್ ಎನ್ನುವ ಹಾಜರಾತಿ ಪಟ್ಟಿಯಲ್ಲಿ ಮೊದಲೇ ಬಂದಿರುತ್ತಿತ್ತು. ಕಾಯಕ ಬಂಧು ಎಂದು ಕರೆಯುವ ತಂಡದ ಮೇಲ್ವಿಚಾರಕ ಸ್ಥಳದಲ್ಲಿ ಮೊಬೈಲ್ ಆ್ಯಪ್‌ನಲ್ಲಿ ಹಾಜರಿ ಹಾಕಿ, ದಿನಕ್ಕೆ ಎರಡು ಬಾರಿ ಎಲ್ಲರನ್ನೂ ನಿಲ್ಲಿಸಿ ಫೋಟೊ ತೆಗೆದು ಕಳಿಸಬೇಕಿತ್ತು. 2023ರ ಜನವರಿಯಿಂದ ಇದು ಕಡ್ಡಾಯವಾಗಿತ್ತು. ಕೂಲಿ ನೇರವಾಗಿ ಬ್ಯಾಂಕ್ ಖಾತೆಗೆ ಜಮೆಯಾಗುತ್ತಿತ್ತು.

ಕೆರೆಯ ಕೆಲಸದಲ್ಲಿ ನಡೆದದ್ದು ಇಷ್ಟು. ಕೆಲವು ದಿನ ಬಿಸಿಲಿನಲ್ಲಿ ಬುಟ್ಟಿ ಹೊತ್ತವರ ಹೆಸರಿನ ಎದುರು ಗೈರುಹಾಜರಿ, ಕೆರೆಯ ಕಡೆ ಮುಖ ಹಾಕದವರ ಹೆಸರಿನ ಎದುರು ಹಾಜರಿ. ಹೀಗೆ ಹೆಸರಿಗೆ ಹಾಜರಾದ ಯುವಕರ ಖಾತೆಗೆ ಹಣ ಬಂತು. ಅವರು ಅದನ್ನು ಬಿಡಿಸಿ ಕೊಡಬೇಕಾದವರಿಗೆ ಕೊಟ್ಟು, ತಮ್ಮ ಪಾಲಿನ ಕೆಲವು ನೂರು ರೂಪಾಯಿ ಉಳಿಸಿಕೊಂಡರು. ಫೋಟೊದಲ್ಲಿ ತಲೆಗಳ ಲೆಕ್ಕ ಸರಿಹೋದರೆ ಸಾಕಿತ್ತು. ಮುಖ ಯಾರದೆಂದು ನೋಡುವವರಿರಲಿಲ್ಲ.

ಯಾರು, ಏಕೆ ಸುಮ್ಮನಿದ್ದರು

ಮೊದಲ ಸಭೆಯಲ್ಲಿ ನಾನಿರಲಿಲ್ಲ. ಹಲವರ ಬಾಯಲ್ಲಿ ಬಿಡಿಬಿಡಿಯಾಗಿ ಕೇಳಿದ್ದನ್ನು ಜೋಡಿಸಿ ಹೇಳುತ್ತಿದ್ದೇನೆ. ಸಭೆ ನಡೆದದ್ದು ಶಾಲೆಯ ಅಂಗಳದಲ್ಲಿ, ಬೆಳಗಿನ ಹನ್ನೊಂದರ ಹೊತ್ತಿಗೆ, ಬಿತ್ತನೆಯ ದಿನಗಳಲ್ಲಿ. ಮುಂದಿನ ಸಾಲಿನ ಕುರ್ಚಿಗಳಲ್ಲಿ ಊರಿನ ಯಜಮಾನರು, ಮಾಜಿ ಸದಸ್ಯರು, ಗುತ್ತಿಗೆದಾರರು. ಹೆಂಗಸರು ಹಿಂದೆ ಗೋಡೆಗೆ ಒರಗಿ ನೆಲದ ಮೇಲೆ. ಲೆಕ್ಕ ಓದಿದ್ದು ಕಾಮಗಾರಿಯ ಒಟ್ಟು ಮೊತ್ತ, ಒಟ್ಟು ಮಾನವ ದಿನಗಳು, ಅಷ್ಟೇ. "ಯಾರಾದರೂ ಏನಾದರೂ ಹೇಳುವುದಿದ್ದರೆ ಹೇಳಬಹುದು" ಎಂದಾಗ ಮೈಕ್ ಹಿಡಿದುಕೊಂಡು ಹೆಂಗಸರ ಕಡೆ ನಡೆದು ಬಂದವನು ಅದೇ ಕಾಯಕ ಬಂಧು. ಯಾರ ಮೇಲೆ ದೂರು ಹೇಳಬೇಕೋ ಅವನ ಕೈಯಿಂದಲೇ ಮೈಕ್ ಇಸಿದುಕೊಂಡು ಹೇಳಬೇಕಿತ್ತು.

ಅಧಿಕಾರಿಗಳನ್ನು ಕೇಳಿದರೆ ಸಿದ್ಧ ಉತ್ತರ ಒಂದಿದೆ: ಜನರಿಗೆ ಅರಿವಿಲ್ಲ, ಅರಿವು ಮೂಡಿಸಬೇಕು. ಈ ಊರಿನ ಮಟ್ಟಿಗೆ ಅದು ಸುಳ್ಳು. ಎಷ್ಟು ದಿನ ದುಡಿದೆವು, ಎಷ್ಟು ದಿನದ ಹಣ ಬಂತು, ಉಳಿದದ್ದು ಯಾರ ಖಾತೆಗೆ ಹೋಯಿತು ಎಂಬುದು ನೀರು ಹಿಡಿಯುವ ಜಾಗದಲ್ಲಿ, ಹೊಲದ ಬದುವಿನಲ್ಲಿ, ಬಸ್ ನಿಲ್ದಾಣದ ಕಟ್ಟೆಯ ಮೇಲೆ ದಿನವೂ ಚರ್ಚೆಯಾಗುತ್ತಿತ್ತು. ಅಲ್ಲಿ ಸರಾಗವಾಗಿ ಹರಿಯುತ್ತಿದ್ದ ಮಾತು ಶಾಲೆಯ ಅಂಗಳದಲ್ಲಿ ನಿಂತುಬಿಟ್ಟಿತು. ಅದು ಹೆದರಿಕೆಯಿಂದ ಮಾತ್ರವಲ್ಲ, ಪ್ರತಿಯೊಬ್ಬರಿಗೂ ಅವರದೇ ಲೆಕ್ಕವಿತ್ತು.

ಕೂಲಿ ಹೆಂಗಸರ ಸಂಗತಿ ಮೊದಲು. ಕಾಯಕ ಬಂಧುವಿನ ಮನೆತನಕ್ಕೆ ಕೊಳವೆ ಬಾವಿ ಇರುವ ಜಮೀನಿದೆ, ಊರ ನಡುವೆ ಕಿರಾಣಿ ಅಂಗಡಿ ಇದೆ. ಕಳೆ ತೆಗೆಯಲು, ಶೇಂಗಾ ಕೀಳಲು, ಬಳ್ಳಿಯಿಂದ ಕಾಯಿ ಬಿಡಿಸಲು ಕರೆಯುವವರು ಅವರು. ಕೈಯಲ್ಲಿ ಕಾಸಿಲ್ಲದ ದಿನ ಎಣ್ಣೆ, ಬೇಳೆ ಉದ್ರಿ ಕೊಡುವವರು ಅವರು. ರಾತ್ರಿ ಹೊತ್ತು ಹೆರಿಗೆ ನೋವು ಬಂದರೆ ಆಸ್ಪತ್ರೆಗೆ ಗಾಡಿ ತೆಗೆಯುವವರೂ ಅವರೇ. ಈ ಕೊನೆಯದನ್ನು ಹೆಂಗಸರು ಹೇಳಿದ್ದು ನಿಜವಾದ ಕೃತಜ್ಞತೆಯಿಂದ. ಹೊರಗಿನಿಂದ ಹೋದ ನಾವು ಶೋಷಕ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವ ಮನುಷ್ಯ ಅವರ ಪಾಲಿಗೆ ಕಷ್ಟಕ್ಕಾಗುವ ನೆಂಟನೂ ಹೌದು. ಭಯ ಎಲ್ಲಿ ಮುಗಿಯುತ್ತದೆ, ದಾಕ್ಷಿಣ್ಯ ಎಲ್ಲಿ ಶುರುವಾಗುತ್ತದೆ ಎಂದು ಅವರಿಗೇ ಹೇಳಲಾಗದು. "ಒಂದು ವಾರದ ಕೂಲಿಗಾಗಿ ಅವರನ್ನು ನಿಷ್ಠುರ ಮಾಡಿಕೊಂಡರೆ ವರ್ಷವೆಲ್ಲ ಏನು ಮಾಡುವುದು?" ಎಂದು ಒಬ್ಬಾಕೆ ಕೇಳಿದಳು. ಅದಕ್ಕೆ ನಮ್ಮ ತಂಡದಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ.

ಯುವಕರ ಮೌನಕ್ಕೆ ಬೇರೆಯೇ ಕಾರಣ. ಅವರ ಖಾತೆಗೆ ಹಣ ಬಂದಿದೆ, ಅವರೇ ಬಿಡಿಸಿ ಕೊಟ್ಟಿದ್ದಾರೆ. ಬಾಯಿ ತೆರೆದರೆ ಮೊದಲು ಸಿಕ್ಕಿಬೀಳುವವರು ತಾವೇ. ಊರಿಗೆ ಊರೇ ಸುಮ್ಮನಾಗಬೇಕಾದರೆ ಎಲ್ಲರನ್ನೂ ಹೆದರಿಸಬೇಕಿಲ್ಲ, ಕೆಲವರಿಗೆ ಚೂರು ಪಾಲು ಕೊಟ್ಟರೆ ಸಾಕು. ಇಂಥ ಮೌನವನ್ನು ಮುರಿಯುವುದೇ ಎಲ್ಲಕ್ಕಿಂತ ಕಷ್ಟ ಎಂದು ನನಗನ್ನಿಸುತ್ತದೆ. ಅನ್ಯಾಯಕ್ಕೊಳಗಾದವಳು ಎಂದಾದರೊಂದು ದಿನ ಸಿಟ್ಟಿಗೇಳಬಹುದು. ನೂರಿನ್ನೂರಕ್ಕೆ ಹೆಸರು ಕೊಟ್ಟವನು ತನ್ನ ನಾಚಿಕೆಯನ್ನು ತಾನೇ ಕಾಯುತ್ತಾನೆ.

ಹಿರಿಯರ ಯೋಚನೆ ಊರಿನ ಒಗ್ಗಟ್ಟಿನದು. ಮಾರಮ್ಮನ ಜಾತ್ರೆಗೆ ಮನೆಮನೆಯಿಂದ ವಂತಿಗೆ ಎತ್ತಬೇಕು. ಊರು ಎರಡಾದರೆ ಜಾತ್ರೆ ನಿಲ್ಲುತ್ತದೆ. ಹಿಂದೊಮ್ಮೆ ಯಾವುದೋ ಜಗಳದಿಂದ ಜಾತ್ರೆ ನಿಂತಿದ್ದ ನೆನಪು ಅವರಲ್ಲಿ ಇನ್ನೂ ಹಸಿಯಾಗಿತ್ತು. ಅವರಲ್ಲಿ ಒಬ್ಬರು ಬಹಳ ಸಮಾಧಾನದಿಂದ ಹೇಳಿದರು: "ಇವತ್ತು ಬಂದವರು ನಾಳೆ ಹೋಗುತ್ತೀರಿ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡು ಇರಬೇಕು." ಪಂಚಾಯಿತಿಯ ಮಹಿಳಾ ಸದಸ್ಯೆಯ ಮಾತನ್ನು ಆಕೆಯ ಗಂಡನೇ ಆಡುತ್ತಿದ್ದ. ಆ ಕತೆ ಎಲ್ಲ ಕಡೆಯದೂ ಹೌದು, ಇಲ್ಲಿ ಬೆಳೆಸುವುದಿಲ್ಲ.

ಬಾಗಿಲ ಹಿಂದಿನ ಗೆರೆಗಳು

ನಿಯಮದಂತೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕಾದ ಸಾಮಾಜಿಕ ಪರಿಶೋಧನೆಗೆ ತಂಡ ಬಂದಾಗ ಮನೆಮನೆ ಭೇಟಿಯಲ್ಲಿಯೂ ಮೊದಲು ಸಿಕ್ಕಿದ್ದು ಅದೇ ಉತ್ತರ. "ಎಲ್ಲ ಸರಿಯಾಗಿದೆ ಮೇಡಂ, ಏನೂ ತೊಂದರೆ ಇಲ್ಲ." ತಂಡವನ್ನು ನಡೆಸುತ್ತಿದ್ದ ಸಂಯೋಜಕಿ ಚಿಕ್ಕ ವಯಸ್ಸಿನವಳು, ಇದೇ ಜಿಲ್ಲೆಯವಳು. ಪ್ರಶ್ನಾವಳಿಯ ಹಾಳೆ ತುಂಬುತ್ತಾ ಹೋದ ಹಾಗೆ ಅವಳ ಮುಖ ಗಂಭೀರವಾಗುತ್ತಾ ಬಂತು. ಇಷ್ಟೊಂದು ಸರಿಯಾಗಿರುವ ಊರನ್ನು ನಂಬಬಾರದು ಎಂದು ಸಂಜೆ ನಮಗೆ ಹೇಳಿದಳು.

ಮರುದಿನ ಒಂದು ಮನೆಯಲ್ಲಿ ಅಜ್ಜಿಯೊಬ್ಬರು ಪ್ಲಾಸ್ಟಿಕ್ ಕವರಿನಿಂದ ಪಾಸ್‌ಬುಕ್, ಜಾಬ್ ಕಾರ್ಡ್, ರೇಷನ್ ಕಾರ್ಡ್ ಒಂದೊಂದಾಗಿ ತೆಗೆದು ಚಾಪೆಯ ಮೇಲಿಟ್ಟರು. ಪಾಸ್‌ಬುಕ್ ಓದಿ ಹೇಳು ತಾಯಿ ಎಂದರು. ಸಂಯೋಜಕಿ ಓದಿದಳು. ಕೆರೆಯ ಕೆಲಸಕ್ಕೆ ಬಂದದ್ದು 12 ದಿನದ ಕೂಲಿ. ಅಜ್ಜಿ ಏನೂ ಹೇಳಲಿಲ್ಲ. ಎದ್ದು ಹೋಗಿ, ತೆರೆದಿದ್ದ ಬಾಗಿಲನ್ನು ಅರ್ಧ ಮುಚ್ಚಿದರು. ಬಾಗಿಲ ಮರೆಯ ಗೋಡೆಯ ಮೇಲೆ ಇದ್ದಿಲಿನಿಂದ ಎಳೆದ ಗೆರೆಗಳಿದ್ದವು, ಒಂದು ಪಕ್ಕ ಹಾಲಿನ ಲೆಕ್ಕ, ಇನ್ನೊಂದು ಪಕ್ಕ ಕೆರೆಯದು. ಆರಾರು ಗೆರೆಗಳಿಗೆ ಒಂದು ಅಡ್ಡಗೀಟು, ಅಂಥ ಮೂರು ಗುಂಪು. ಕೊನೆಯ ಗುಂಪಿನ ಗೆರೆಗಳು ಉಳಿದವಕ್ಕಿಂತ ಗಿಡ್ಡ. ಆ ವಾರ ಬಿಸಿಲು ಹೆಚ್ಚಿದ್ದು, ಬೆಳಗ್ಗೆ ಬೇಗ ಕೆಲಸ ಶುರು ಮಾಡಿ ಬೇಗ ಬಿಟ್ಟಿದ್ದರಂತೆ. ಒಟ್ಟು 18. ಒಳಗಿನಿಂದ ಸೊಸೆ, "ಅವರಿಗೆ ವಯಸ್ಸಾಗಿದೆ ಮೇಡಂ, ಲೆಕ್ಕ ಸರಿಯಾಗಿ ಗೊತ್ತಾಗುವುದಿಲ್ಲ" ಎಂದು ಕೂಗಿ ಹೇಳಿದಳು. ಅಜ್ಜಿ ಬಾಗಿಲನ್ನು ಮತ್ತೆ ತೆರೆದರು, ಗೋಡೆ ಮರೆಯಾಯಿತು. ಆರು ದಿನದ ಕೂಲಿ, 2,094 ರೂಪಾಯಿ.

ಅದನ್ನು ದೂರು ಎಂದು ಬರೆದುಕೊಳ್ಳಲೇ ಎಂದಾಗ ಅಜ್ಜಿ ಗಟ್ಟಿಯಾಗಿ ಬೇಡ ಎಂದರು. ತೋರಿಸಿದ್ದು ನಿಜ, ದೂರು ಕೊಡುವುದಿಲ್ಲ. ಈ ಎರಡನ್ನೂ ಒಟ್ಟಿಗೆ ಗೌರವಿಸುವ ದಾರಿ ಹುಡುಕಬೇಕಿತ್ತು. ಇಡೀ ಪ್ರಕರಣದ ಗಂಟು ಇಲ್ಲಿದೆ. ಆ ಊರಿನ ಜನ ನಿಜ ಹೇಳಲು ಹಿಂಜರಿಯುತ್ತಿರಲಿಲ್ಲ, ಒಬ್ಬರ ಮೇಲೆ ದೂರುದಾರರಾಗಿ ನಿಲ್ಲಲು ಹಿಂಜರಿಯುತ್ತಿದ್ದರು. ನಮ್ಮ ಸಭೆಗಳಿಗೆ ಬೇಕಾಗಿರುವುದೋ ದೂರುದಾರರೇ. "ಯಾರಿಗಾದರೂ ಆಕ್ಷೇಪಣೆ ಇದೆಯೇ?" ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಎದ್ದು ನಿಂತು ಒಬ್ಬನ ಕಡೆ ಬೆರಳು ತೋರಿಸಲೇಬೇಕು.

ಸಂಯೋಜಕಿ ಪ್ರಶ್ನೆಯನ್ನೇ ಬದಲಿಸಿದಳು. ಹಾಜರಾತಿಯ ಫೋಟೊಗಳು ಯೋಜನೆಯ ಜಾಲತಾಣದಲ್ಲಿ ಯಾರು ಬೇಕಾದರೂ ನೋಡುವಂತೆ ಇದ್ದವು. ಅವುಗಳನ್ನು ದೊಡ್ಡದಾಗಿ ಮುದ್ರಿಸಿಕೊಂಡು ಬಂದು, ಹೆಂಗಸರು ಸೇರುವ ಕಡೆಯೆಲ್ಲ ಹರಡಿ, "ಇವರೆಲ್ಲ ಯಾರು ಹೇಳಿ ಅಕ್ಕ" ಎಂದು ಕೇಳತೊಡಗಿದಳು. ಇದು ದೂರಲ್ಲವಲ್ಲ. ಹೆಂಗಸರು ಮುಗಿಬಿದ್ದರು. ಇವಳು ನಮ್ಮ ಚಿಕ್ಕಮ್ಮ, ಇದು ಕೆಳಗಿನ ಮನೆಯ ಅತ್ತಿಗೆ, ತಲೆಗೆ ಟವೆಲ್ ಸುತ್ತಿಕೊಂಡವಳು ನಾನೇ, ನೋಡಿ ಹೇಗೆ ಕಪ್ಪಾಗಿದ್ದೇನೆ. ಒಂದೊಂದು ಮುಖಕ್ಕೂ ಹೆಸರು ಬಂತು. ಅದೇ ದಿನದ ಎನ್‌ಎಂಆರ್‌ನಲ್ಲಿ ಹಾಜರಿ ಇದ್ದ ಎಷ್ಟೋ ಹೆಸರುಗಳಿಗೆ ಫೋಟೊದಲ್ಲಿ ಮುಖ ಸಿಗಲಿಲ್ಲ, ಫೋಟೊದಲ್ಲಿದ್ದ ಎಷ್ಟೋ ಮುಖಗಳಿಗೆ ಎನ್‌ಎಂಆರ್‌ನಲ್ಲಿ ಗೈರುಹಾಜರಿ ಬಿದ್ದಿತ್ತು. ಯಾರೊಬ್ಬರೂ ಯಾರ ಮೇಲೂ ಒಂದು ಮಾತು ಆಡದೆ ಇಡೀ ವಂಚನೆಯ ಪಟ್ಟಿ ತಯಾರಾಯಿತು.

ಏರಿಯ ಮೇಲಿನ ಸಭೆ

ಎರಡನೆಯ ಸಭೆ, ಅಂದರೆ ಪರಿಶೋಧನೆಯ ವಿಶೇಷ ಗ್ರಾಮ ಸಭೆ, ಶಾಲೆಯ ಅಂಗಳದಲ್ಲಿ ಬೇಡವೆಂದು ಸಭೆಯ ಹೊಣೆ ಹೊತ್ತಿದ್ದ ನೋಡಲ್ ಅಧಿಕಾರಿ ಒಪ್ಪಿದ್ದು ದೊಡ್ಡ ಉಪಕಾರ. ಕೆರೆ ಏರಿಯ ಪಕ್ಕದ ಹುಣಸೆ ಮರದ ಕೆಳಗೆ, ಹೊಲದಿಂದ ಜನ ಮರಳುವ ಹೊತ್ತಿಗೆ ಸಭೆ ಸೇರಿತು. ಕುರ್ಚಿ ಇದ್ದದ್ದು ವಯಸ್ಸಾದವರಿಗೆ ಮಾತ್ರ. ಮೈಕ್ ತಂಡದವರ ಬಳಿಯೇ ಇತ್ತು. ಇವೆಲ್ಲ ಸಣ್ಣ ಸಂಗತಿಗಳೆಂದು ತೋರಬಹುದು. ಯಾರ ಎದುರು, ಯಾರ ಬೆನ್ನ ಹಿಂದೆ ಕುಳಿತಿದ್ದೇವೆ ಎಂಬುದರ ಮೇಲೆ ನಾಲಿಗೆ ಏಳುವುದೂ ಬೀಳುವುದೂ ನಿಂತಿದೆ.

ಅಂದು ಒಟ್ಟು ಮೊತ್ತ ಓದಲಿಲ್ಲ. ಹೆಸರು ಓದಿದರು, ಹೆಸರಿನ ಮುಂದೆ ದಿನ, ದಿನದ ಮುಂದೆ ಹಣ. ರಾಜಸ್ಥಾನದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1994ರಲ್ಲಿ ಕೋಟ್ ಕಿರಾನಾ ಎಂಬ ಊರಿನಿಂದ ಶುರುಮಾಡಿದ ಜನ ಸುನವಾಯಿಗಳ, ಅಂದರೆ ಸಾರ್ವಜನಿಕ ಅಹವಾಲು ಸಭೆಗಳ, ಪದ್ಧತಿ ಇದೇ: ಹಾಜರಾತಿ ಪಟ್ಟಿಯನ್ನು ಅದರಲ್ಲಿ ಹೆಸರಿರುವವರ ಎದುರೇ ಗಟ್ಟಿಯಾಗಿ ಓದುವುದು. ದೇಶಕ್ಕೆ ಮಾಹಿತಿ ಹಕ್ಕಿನ ಕಾನೂನು ಬರಲು ಆ ಸಭೆಗಳೂ ಕಾರಣವಾದವು. ಕೇಳುವವನಿಗೆ ಕಾಗದ ಗೊತ್ತಿಲ್ಲದಿದ್ದರೂ ಪಕ್ಕದ ಮನೆಯವನು ಗೊತ್ತಿರುತ್ತಾನೆ.

ಮೊದಲ ಕೆಲವು ಹೆಸರುಗಳಿಗೆ ಸದ್ದಿಲ್ಲ. ಆಮೇಲೆ ಒಬ್ಬ ಯುವಕನ ಹೆಸರು ಬಂತು, ಅಷ್ಟು ದಿನ ಕೆರೆಯಲ್ಲಿ ದುಡಿದಿದ್ದಾನೆ ಎಂದು ಓದಲಾಯಿತು. ಹೆಂಗಸರ ನಡುವೆ ಗುಸುಗುಸು. ಆಗ ಅವನ ತಾಯಿಯೇ ಕುಳಿತಲ್ಲಿಂದ, "ಅವನು ಯುಗಾದಿ ಮುಗಿಸಿ ಬೆಂಗಳೂರಿಗೆ ಹೋದವನು ಇನ್ನೂ ಬಂದಿಲ್ಲ" ಎಂದಳು. ಮಗನನ್ನು ಸಿಕ್ಕಿಸಬೇಕೆಂದಾಗಲಿ ಕಾಯಕ ಬಂಧುವನ್ನು ಬಯಲಿಗೆಳೆಯಬೇಕೆಂದಾಗಲಿ ಆಕೆಗಿರಲಿಲ್ಲ. ಓದಿದ್ದು ತಪ್ಪಿತ್ತು, ತಿದ್ದಿದಳು. ಅಲ್ಲಿಂದ ಮುಂದೆ ಹೆಸರು ಓದಿದ ಹಾಗೆ ತಿದ್ದುಪಡಿಗಳು ಬರತೊಡಗಿದವು. ಆಕೆ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಅವನಿಗೆ ಕಾಲು ಮುರಿದಿತ್ತು. ನಾನು ಹದಿನೆಂಟು ದಿನವೂ ಬಂದಿದ್ದೆ, ಹನ್ನೆರಡು ಎಂದು ಏಕೆ ಓದುತ್ತೀರಿ?

ಕಾಯಕ ಬಂಧುವಿನ ದೊಡ್ಡಪ್ಪ ಎದ್ದು ನಿಂತರು. ಊರಿನ ಗೌರವಸ್ಥರು, ಸಿಟ್ಟು ಮಾಡಲಿಲ್ಲ. "ಹುಡುಗ ತಿಳಿಯದೆ ಏನೋ ಮಾಡಿರಬಹುದು. ಇದನ್ನು ಇಲ್ಲಿಗೆ ಬಿಡಿ, ನಮ್ಮ ನಮ್ಮಲ್ಲಿ ಕುಳಿತು ಬಗೆಹರಿಸಿಕೊಳ್ಳುತ್ತೇವೆ" ಎಂದರು. ಹಲವು ತಲೆಗಳು ಆಡಿದವು. ಸಭೆ ಅಲ್ಲಿಗೇ ಮುಗಿಯುವುದರಲ್ಲಿತ್ತು. ಇದ್ದಿಲಿನ ಗೆರೆಯ ಅಜ್ಜಿ ಆಗ ಮಾತನಾಡಿದರು. "ಹಾಗಲ್ಲ ಯಜಮಾನರೇ, ಹಟ್ಟಿ ತಿಪ್ಪೇಸ್ವಾಮಿ ಏನು ಹೇಳಿದ್ದಾನೆ? ಮಾಡಿದಷ್ಟು ನೀಡು ಎಂದಿದ್ದಾನೆ. ನಾವು ಹೆಚ್ಚಿಗೆ ಕೇಳುತ್ತಿಲ್ಲ."

ಈ ಸೀಮೆಯವರಿಗೆ ಈ ಮಾತಿನ ಭಾರ ಗೊತ್ತು. ಇದೇ ತಾಲ್ಲೂಕಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಕೆರೆಗಳನ್ನು ಕಟ್ಟಿಸಿದ ಕಾಯಕಯೋಗಿ. ಕೆರೆ ಕೆಲಸಕ್ಕೆ ಬಂದವರಿಗೆ ಸಂಜೆ ಮರಳಿನ ಗುಡ್ಡೆಯಿಂದ ಕೂಲಿ ತೆಗೆದುಕೊಳ್ಳಲು ಹೇಳುತ್ತಿದ್ದರಂತೆ. ದುಡಿದವನ ಕೈಯಲ್ಲಿ ಅವನು ದುಡಿದಷ್ಟೇ ಹಣವಾಗುತ್ತಿತ್ತಂತೆ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. "ಮಾಡಿದಷ್ಟು ನೀಡು ಭಿಕ್ಷೆ" ಅವರ ಹೆಸರಿನಲ್ಲಿ ಉಳಿದಿರುವ ಮಾತು. ಕೆರೆ ಏರಿಯ ಪಕ್ಕದಲ್ಲೇ ಕುಳಿತು ಅದನ್ನು ನೆನಪಿಸಿದ ಮೇಲೆ ದೊಡ್ಡಪ್ಪನವರೂ ಎದುರಾಡಲಾರದೆ ಕುಳಿತರು. ಕಾಯ್ದೆಯ ಕಲಂ ಹೇಳಿದ್ದರೆ ಅವರು ಖಂಡಿತ ಎದುರಾಡುತ್ತಿದ್ದರು. ಅಜ್ಜಿ ಯಾರ ಹೆಸರನ್ನೂ ಎತ್ತಲಿಲ್ಲ, ಊರು ಮೊದಲೇ ಒಪ್ಪಿಕೊಂಡಿರುವ ನ್ಯಾಯವನ್ನು ಮುಂದಿಟ್ಟರು. ಹಾಗೆ ಮಾತನಾಡಲು ಅವರಿಗೆ ಯಾವ ಅರಿವು ಕಾರ್ಯಕ್ರಮವೂ ಕಲಿಸಿರಲಿಲ್ಲ.

ಆಮೇಲೆ

ಸಭೆಯ ನಡಾವಳಿಯಲ್ಲಿ ಹೆಸರು, ದಿನ, ವ್ಯತ್ಯಾಸದ ಮೊತ್ತ ಎಲ್ಲವೂ ದಾಖಲಾಯಿತು. ಮಾಹಿತಿ ಕೊಟ್ಟವರ ಹೆಸರು ಬರೆಯದೆ "ಸಭೆಯಲ್ಲಿ ಓದಿದಾಗ ಕಂಡುಬಂದ ವ್ಯತ್ಯಾಸ" ಎಂದು ಬರೆಯುವಂತೆ ಸಂಯೋಜಕಿ ಹಟ ಹಿಡಿದಳು. ನೋಡಲ್ ಅಧಿಕಾರಿ ಸ್ವಲ್ಪ ಹೊತ್ತು ಯೋಚಿಸಿ ಒಪ್ಪಿದರು. ಕಾಯಕ ಬಂಧುವನ್ನು ಬದಲಿಸಲಾಯಿತು. ತಪ್ಪು ಹಾಜರಿಯ ಹಣದಲ್ಲಿ ಒಂದು ಭಾಗ ವಸೂಲಾಯಿತು.

ಇದನ್ನು ಯಶೋಗಾಥೆ ಎಂದು ಕರೆಯಲು ನಾನು ಒಪ್ಪುವುದಿಲ್ಲ. ವಸೂಲಾದ ಹಣ ಸರ್ಕಾರದ ಖಾತೆಗೆ ಹೋಯಿತು, ದುಡಿದ ಹೆಂಗಸರ ಖಾತೆಗೆ ಅಲ್ಲ. ಅವರ ಬಾಕಿ ಕೂಲಿಗೆ ಬೇರೆಯೇ ಕಡತ, ಬೇರೆಯೇ ಓಡಾಟ. ಆ ಹಂಗಾಮಿನಲ್ಲಿ ಶೇಂಗಾ ಕೀಳಲು ಅಜ್ಜಿಯನ್ನೂ ಅವರ ಸೊಸೆಯನ್ನೂ ಆ ಮನೆಯವರು ಕರೆಯಲಿಲ್ಲ. ಅಂಗಡಿಯಲ್ಲಿ ಉದ್ರಿ ನಿಂತಿತು. ಜಗಳವಿಲ್ಲ, ಬೈಗುಳವಿಲ್ಲ, ಎದುರಾದರೆ ಚೆನ್ನಾಗಿದ್ದೀರಾ ಎಂದು ಕೇಳುತ್ತಾರೆ. ಕೂಲಿಗೆ ಮಾತ್ರ ಬೇರೆಯವರ ಮನೆಯ ಮುಂದೆ ಟ್ರ್ಯಾಕ್ಟರ್ ನಿಲ್ಲುತ್ತದೆ. ಹೆಂಗಸರ ಸಂಘದ ಕೆಲವರು ಪಕ್ಕದ ಊರಿನ ಹೊಲಗಳಿಗೆ ಹೋಗುವಾಗ ಇವರಿಬ್ಬರನ್ನೂ ಜೊತೆಗೆ ಕರೆದುಕೊಂಡು ಹೋದರು. ಇಲ್ಲದಿದ್ದರೆ 2,094 ರೂಪಾಯಿಗಾಗಿ ಆಡಿದ ಮಾತಿಗೆ ಆ ಮನೆ ಅದಕ್ಕಿಂತ ಹೆಚ್ಚು ತೆರಬೇಕಾಗುತ್ತಿತ್ತು.

ಮೌನಂ ಸಮ್ಮತಿ ಲಕ್ಷಣಂ ಎಂಬುದನ್ನು ಸರ್ಕಾರಿ ದಾಖಲೆಯಲ್ಲಿ ನಿಯಮದಂತೆ ಬಳಸುವುದು ಅನ್ಯಾಯ. "ಆಕ್ಷೇಪಣೆ ಬಾರದ ಕಾರಣ ಅಂಗೀಕರಿಸಲಾಯಿತು" ಎಂದು ಬರೆಯುವ ಮುನ್ನ ಲೆಕ್ಕವನ್ನು ಹೆಸರು ಹೆಸರಾಗಿ ಓದಿದ್ದೇವೆಯೇ, ಮೈಕ್ ಯಾರ ಕೈಯಲ್ಲಿತ್ತು, ಆ ಹೊತ್ತಿಗೆ ಹೊಲದಲ್ಲಿ ಯಾರಿದ್ದರು ಎಂಬುದನ್ನೂ ನಡಾವಳಿಯಲ್ಲಿ ಬರೆಯಬೇಕು ಎಂದು ಸಂಯೋಜಕಿ ತನ್ನ ವರದಿಯಲ್ಲಿ ಸೇರಿಸಿದ್ದಾಳೆ. ಅದಕ್ಕೆ ಮೇಲಿನಿಂದ ಉತ್ತರ ಬಂದಿರಲಿಲ್ಲ. ಹೆಂಗಸರ ಬಾಕಿ ಕೂಲಿಯ ಕಡತ ನಾನು ಕೊನೆಯ ಬಾರಿ ವಿಚಾರಿಸಿದಾಗ ತಾಲ್ಲೂಕು ಪಂಚಾಯಿತಿಯಲ್ಲೇ ಇತ್ತು. ಯೋಜನೆಯ ದೂರುಗಳನ್ನು ವಿಚಾರಿಸುವ ಜಿಲ್ಲೆಯ ಓಂಬುಡ್ಸ್‌ಪರ್ಸನ್‌ಗೆ ಕೊಡಲು ಅರ್ಜಿ ಬರೆಸುತ್ತಿದ್ದೇವೆ ಎಂದು ಅಜ್ಜಿಯ ಸೊಸೆ ಫೋನಿನಲ್ಲಿ ಹೇಳಿದಳು. ಅರ್ಜಿಯಲ್ಲಿ ಮೊದಲ ಹೆಸರು ತನ್ನದೇ ಎಂದಳು.